ಒಳಗೆ ಏನೂ ಇಲ್ಲದ ಸೆಕ್ಷನ್

೧೯೮೭ನೆಯ ಇಸವಿ ಸೆಪ್ಟೆಂಬರ್ ಹದಿನಾಲ್ಕರ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಹಾನಗಲ್ಲಿನ ಸಂಯುಕ್ತ ಜಲ ಅವಶ್ಯಕತಾ ಗಣಕ ಕಚೇರಿಯಲ್ಲಿ, ಯಾರೂ ತೆರೆಯದ, ಯಾರೂ ಸಹಿ ಮಾಡದ, ಆವಕ ಸಂಖ್ಯೆಯೂ ಇಲ್ಲದ ಒಂದು ಕಡತ ತಾನಾಗಿಯೇ ಹುಟ್ಟಿಕೊಂಡಿತು. ಕಡತದ ಹೆಸರು ಕೋರ್.

ಕಚೇರಿಯ ಉದ್ದೇಶ ಸ್ಪಷ್ಟವಾಗಿತ್ತು. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಐದುನೂರ ಹನ್ನೆರಡು ಜನವಸತಿಗಳ ಪೈಕಿ ಯಾವುದಕ್ಕೆ ಮೊದಲು ಬೋರ್‌ವೆಲ್ ಕೊರೆಯಬೇಕು ಎಂಬುದನ್ನು ಅಲ್ಲಿಯವರೆಗೆ ಮನುಷ್ಯರು ನಿರ್ಧರಿಸುತ್ತಿದ್ದರು. ಮನುಷ್ಯರು ನಿರ್ಧರಿಸಿದ ಬೋರ್‌ವೆಲ್‌ಗಳು ಬಹುತೇಕ ಆ ಮನುಷ್ಯರ ಮಾವಂದಿರ ಹೊಲಗಳಲ್ಲಿ ಬೀಳುತ್ತಿದ್ದವು. ಈ ಕಾಕತಾಳೀಯವನ್ನು ತಪ್ಪಿಸಲು ಗಣಕಯಂತ್ರವನ್ನು ತರಿಸಲಾಯಿತು. ಯಂತ್ರಕ್ಕೆ ಮಾವ ಇರುವುದಿಲ್ಲ ಎಂದು ಉದ್ಘಾಟನೆಯ ಭಾಷಣದಲ್ಲಿ ಹೇಳಲಾಯಿತು, ಮತ್ತು ಸಭಿಕರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರಲ್ಲಿ ಮಾವಂದಿರೂ ಇದ್ದರು.

ಯಂತ್ರಕ್ಕಾಗಿ ತಂಪು ಗಾಳಿಯ ಪೆಟ್ಟಿಗೆ ಹಾಕಿಸಿದ ಒಂದು ಕೋಣೆ ಇತ್ತು. ಹಾನಗಲ್ಲಿನಲ್ಲಿ ಅಂಥ ಕೋಣೆ ಅದೊಂದೇ ಆದ್ದರಿಂದ ವಿಶೇಷಾಧಿಕಾರಿ ಅನಂತರಾವ್ ಅವರು ತಮ್ಮ ಕುರ್ಚಿಯನ್ನು ಯಂತ್ರದ ಪಕ್ಕದಲ್ಲೇ ಹಾಕಿಸಿಕೊಂಡಿದ್ದರು. ಯಂತ್ರದ ಮೇಲೆ ನಿಗಾ ಇಡುವುದು ಅವರ ಕರ್ತವ್ಯವಾಗಿತ್ತು. ಅವರು ಕಣ್ಣು ಮುಚ್ಚಿಕೊಂಡೂ ನಿಗಾ ಇಡಬಲ್ಲವರಾಗಿದ್ದರು.

ಯಂತ್ರದ ಕೆಲಸ ನೋಡುತ್ತಿದ್ದವನು ಮಧ್ವೇಶ. ಸವಣೂರಿನ ವಿದ್ವಾಂಸರ ಮನೆತನದವನು, ಇಪ್ಪತ್ತೇಳು ವರ್ಷದವನು. ಅವನ ಅಜ್ಜ ತಾಳೆಗರಿ ಓದಿ ಎಲ್ಲಿ ಅಕ್ಷರ ತಪ್ಪಿದೆ ಎಂದು ಹೇಳುತ್ತಿದ್ದರು. ಮಧ್ವೇಶ ಅದೇ ಕೆಲಸವನ್ನು ಹಸಿರು ಪರದೆಯ ಮೇಲೆ ಮಾಡುತ್ತಿದ್ದ. ಆದರೆ ತಪ್ಪು ಸಿಕ್ಕಿದಾಗ ಅಜ್ಜನಿಗೆ ಜನ ಶಾಲು ಹೊದಿಸುತ್ತಿದ್ದರು, ಇವನಿಗೆ ಲಿಖಿತ ಸಮಜಾಯಿಷಿ ಕೇಳುತ್ತಿದ್ದರು.

ಅಂದು ನಡೆದದ್ದು ಇಷ್ಟು. ಪ್ರತಿ ಜನವಸತಿಯ ಬಗ್ಗೆ ಮನೆ ಎಷ್ಟು, ಜನ ಎಷ್ಟು, ಒಂದು ಮನೆಯವರು ದಿನಕ್ಕೆ ಎಷ್ಟು ಸಲ ನೀರಿಗೆ ಹೋಗುತ್ತಾರೆ ಎಂಬ ಅಂಕಿಗಳನ್ನು ಪ್ರೋಗ್ರಾಂ ಒಂದೊಂದಾಗಿ ಓದಿ, ಯಾರ ಪಾಳಿ ಮೊದಲು ಎಂದು ಲೆಕ್ಕ ಹಾಕಬೇಕು. ಮುನ್ನೂರ ತೊಂಬತ್ತು ಜನವಸತಿಗಳವರೆಗೆ ಅದು ಹಾಕಿತು. ಮುನ್ನೂರ ತೊಂಬತ್ತೊಂದನೆಯದು ಹಿರೇಕೆರೂರು ತಾಲ್ಲೂಕು ಅಬಲೂರಿನ ಹೊರಗಿನ ಹೊಸ ಓಣಿ. ಅಲ್ಲಿಗೆ ಬಂದು ಪ್ರೋಗ್ರಾಂ ಸತ್ತಿತು. ಹೀಗೆ ಸತ್ತ ಪ್ರೋಗ್ರಾಂ, ಸಾಯುವ ಗಳಿಗೆಯಲ್ಲಿ ತನ್ನ ತಲೆಯಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೆಯೇ ಒಂದು ಕಡತಕ್ಕೆ ಬರೆದಿಟ್ಟು ಹೋಗುತ್ತದೆ. ಅದೇ ಕೋರ್.

ಆವಕ-ಜಾವಕ ನೋಡುತ್ತಿದ್ದ ಉಸ್ಮಾನಸಾಬರು ಇದನ್ನು ಒಪ್ಪಲಿಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ಅವರು ಕಳಿಸಿದವರಿಲ್ಲದ ಕಡತವನ್ನು ಕಂಡಿರಲಿಲ್ಲ.

"ಎಲ್ಲಿಂದ ಬಂತ್ರಿ ಇದು?" ಎಂದು ಕೇಳಿದರು.

"ಎಲ್ಲಿಂದೂ ಬಂದಿಲ್ಲರಿ ಉಸ್ಮಾನಸಾಬ್ರ. ಪ್ರೋಗ್ರಾಂ ಸತ್ತದ, ಅದರ ಪಂಚನಾಮೆ ಅಂತ ತಿಳೀರಿ," ಎಂದ ಮಧ್ವೇಶ.

"ಪಂಚನಾಮೆಗೆ ಪಂಚರ ಸಹಿ ಎಲ್ಲೈತಿ?"

"ಇಲ್ಲರಿ."

"ಹಂಗಾರ ಇದು ಕಡತ ಅಲ್ಲ. ಇನ್ನೊಂದು ಸಲ ಓಡಿಸಿದ್ರ ಇನ್ನೊಂದು ಬರತೈತೇನು?"

"ಬರ್ತದರಿ. ಹೆಸರು ಒಂದ ಆದ್ದರಿಂದ ಹೊಸಾದು ಹಳೇದನ್ನ ಅಳಿಸಿ ಕುಂಡರತದ."

ಉಸ್ಮಾನಸಾಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಲಧಿಕಾರಿಯ ಅನುಮತಿ ಇಲ್ಲದೆ ಒಂದು ಕಡತ ಇನ್ನೊಂದು ಕಡತವನ್ನು ನಾಶಮಾಡುವುದು ಎಷ್ಟು ಗಂಭೀರ ವಿಷಯ ಎಂಬುದು ಹೊಸ ಹುಡುಗರಿಗೆ ತಿಳಿಯುವುದಿಲ್ಲ ಎಂದು ಅವರಿಗೆ ಬೇಸರವಾಯಿತು. ಅದೇ ದಿನ ಸಂಜೆಯೊಳಗೆ, ಹುಟ್ಟುವ ಪ್ರತಿ ಕೋರ್ ಕಡತಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟು ಏಳು ವರ್ಷ ಕಾಯ್ದಿಡತಕ್ಕದ್ದು ಎಂಬ ಕಚೇರಿ ಆದೇಶ ಹೊರಬಿತ್ತು. ಎಂಟು ಕಡತಗಳಾಗುವಷ್ಟರಲ್ಲಿ ಯಂತ್ರದ ಡಿಸ್ಕು ತುಂಬಿತು. ಜಾಗ ಮಾಡಲು ಹಾನಗಲ್ ತಾಲ್ಲೂಕಿನ ಅಂಕಿಗಳನ್ನು ಅಳಿಸಲಾಯಿತು. ಅವನ್ನು ಅಳಿಸಬಾರದು ಎಂಬ ಆದೇಶ ಇರಲಿಲ್ಲ. ಕಾಗದದಲ್ಲಿದ್ದ ಅವನ್ನು ಮಧ್ವೇಶ ಆಮೇಲೆ ಹದಿನಾಲ್ಕು ದಿನ ಕೂತು ಮತ್ತೆ ಟೈಪು ಮಾಡಿದ.

ಪ್ರೋಗ್ರಾಂ ಯಾಕೆ ಸತ್ತಿತು ಎಂದು ನೋಡುವುದಕ್ಕೆ ಮೇಲಿನ ಕಚೇರಿ ಒಂದು ತಪಾಸಣಾ ಸಾಧನವನ್ನು ಕಳಿಸಿತ್ತು. ಅದೂ ಒಂದು ಪ್ರೋಗ್ರಾಮೇ. ಸತ್ತ ಪ್ರೋಗ್ರಾಮಿನ ಮೂಲ ಕಡತವನ್ನೂ ಕೋರ್ ಕಡತವನ್ನೂ ಅದರ ಮುಂದಿಟ್ಟು, ಇಂಥ ಜಾಗದಲ್ಲಿ ಏನಿತ್ತು ಎಂದು ಕೇಳಿದರೆ ಅದು ಹೇಳುತ್ತದೆ. ಮಧ್ವೇಶ ಹೊಸ ಓಣಿಯ ಅಂಕಿಗಳನ್ನು ಕೇಳಿದ. ಸಾಧನ ಹೀಗೆ ಅಚ್ಚು ಮಾಡಿಕೊಟ್ಟಿತು: ಮನೆ ೦, ಜನ ೦, ನೀರಿಗೆ ಹೋಗುವ ಸಲ ೦.

ಅವನಿಗೆ ಸಂಶಯ ಬಂತು. ಅಚ್ಚಾದ ಕಾಗದವನ್ನು ಅವನು ಕಸದ ಬುಟ್ಟಿಗೆ ಹಾಕುವ ಮೊದಲು ಅನಂತರಾವ್ ಅವರಿಗೆ ಎಚ್ಚರವಾಯಿತು.

"ಇದು ಯಂತ್ರ ಕೊಟ್ಟದ್ದಲ್ಲೇನು?" ಎಂದು ಕಾಗದ ಕೈಗೆ ತೆಗೆದುಕೊಂಡರು.

"ಹೌದ್ರಿ ಸರ್, ಆದ್ರ ಇದು ತಪ್ಪನಿಸ್ತದ. ಜನ ಇಲ್ಲದ ಓಣಿಯಿಂದ ಅರ್ಜಿ ಹೆಂಗ ಬಂತು?"

"ಅರ್ಜಿ ಮನುಷ್ಯಾ ಬರದದ್ದು. ಇದು ಯಂತ್ರ ಬರದದ್ದು. ಎರಡರಾಗ ಯಾವುದಕ್ಕ ಮಾವ ಇಲ್ಲ?"

ಹೊಸ ಓಣಿಯ ಅಂಕಿಗಳನ್ನು ತೆಗೆದು ಪ್ರೋಗ್ರಾಮನ್ನು ಮತ್ತೆ ಓಡಿಸಲಾಯಿತು. ಅದು ಎಲ್ಲಿಯೂ ಸಾಯದೆ ಕೊನೆಯವರೆಗೆ ಓಡಿತು. ಹೊಸ ಓಣಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. "ಸದರಿ ಸ್ಥಳವು ನಿರ್ಜನವಾಗಿರುವುದು ಗಣಕ ತಪಾಸಣೆಯಿಂದ ದೃಢಪಟ್ಟಿದೆ" ಎಂಬ ವರದಿ ಮರುದಿನದ ಟಪಾಲಿನಲ್ಲಿ ಮೇಲಕ್ಕೆ ಹೋಯಿತು. ಅದರ ಒಂದು ಪ್ರತಿ, ನಿಯಮದಂತೆ, ಹೊಸ ಓಣಿಯ ನಿವಾಸಿಗಳ ತಿಳುವಳಿಕೆಗಾಗಿಯೂ ಹೋಯಿತು.

ನಿವಾಸಿಗಳು ಎಂಟು ದಿನದ ಮೇಲೆ ಬಂದರು. ಗುತ್ತೆವ್ವ ಮತ್ತು ಅವಳ ಮೈದುನ ಭರಮಪ್ಪ. ಗುತ್ತೆವ್ವ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಸೊಂಟದ ಎಡಭಾಗಕ್ಕೆ ಕೊಡ ಇಟ್ಟು ಇಟ್ಟು ನಡಿಗೆ ಒಂದು ಪಕ್ಕಕ್ಕೆ ವಾಲಿತ್ತು, ಕೊಡ ಇಲ್ಲದಾಗಲೂ ಹಾಗೆಯೇ ನಡೆಯುತ್ತಿದ್ದಳು. ಓಣಿಯವರೆಲ್ಲ ಬೌದ್ಧರಾದ ಮೇಲೆ ಊರ ಬಾವಿಯ ಕಡೆಗೆ ಹೋಗುವುದು ಮೊದಲಿಗಿಂತಲೂ ಕಷ್ಟವಾಗಿ, ಗುಡ್ಡದ ಆಚೆಯ ಒರತೆಗೆ ಹೋಗುತ್ತಿದ್ದರು. ಒರತೆಯಲ್ಲಿ ಒಂದು ಕೊಡ ತುಂಬುವುದಕ್ಕೆ ಒಂದು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು ಬೇಕಿತ್ತು.

"ನೀವು ಇಲ್ಲಂತ ನಮಗ ಕಾಗದಾ ಬಂದೈತ್ರಿ," ಎಂದಳು ಗುತ್ತೆವ್ವ. "ಓದಿಸಿದಿವಿ. ಹಂಗಂದ್ರೇನಂತ ಕೇಳಾಕ ಬಂದೇವಿ."

"ನೀವು ಅಂದ್ರ ನೀವಲ್ಲವಾ," ಎಂದರು ಅನಂತರಾವ್ ಸಮಾಧಾನದಿಂದ. "ನಿಮ್ಮ ಓಣಿ. ಓಣಿ ಅದ, ಅದರಾಗ ಜನ ಇಲ್ಲ."

"ನಾ ಇಲ್ಲೇ ನಿಂತೇನಲ್ರಿ ಸಾಹೇಬ್ರ."

"ಇಲ್ಲಿ ನಿಂತೀಯವಾ, ನಾ ಇಲ್ಲನ್ನೂದಿಲ್ಲ. ಆದ್ರ ನೀ ನಿಂತದ್ದು ಹಾನಗಲ್ಲಿನ್ಯಾಗ. ಓಣಿಯೊಳಗ ಇಲ್ಲ ಅನ್ನೋ ಮಾತಿಗೆ ಇದು ಇನ್ನಷ್ಟು ಪುರಾವೆ ಆತು."

ಭರಮಪ್ಪ ತಲೆಯ ರುಮಾಲು ಸರಿಪಡಿಸಿಕೊಂಡ. "ನಾವು ಹೊಳ್ಳಿ ಓಣಿಗೆ ಹೋದ್ರ ಆಗ ಇರತೇವೇನ್ರಿ?"

"ಹೋಗಿ ಅರ್ಜಿ ಕೊಡ್ರಿ. ಅಸ್ತಿತ್ವ ದೃಢೀಕರಣ ಅರ್ಜಿ, ನಮೂನೆ ಹನ್ನೊಂದು. ಅದರಾಗ ಗಣಕದ ಪ್ರಕಾರ ಜನಸಂಖ್ಯೆ ಎಷ್ಟಂತ ಬರೀಬೇಕು. ಬರದದ್ದು ಯಂತ್ರದ ಅಂಕಿಗೆ ಹೊಂದಿದ್ರ ಮಂಜೂರು ಮಾಡ್ತೇವಿ."

"ಯಂತ್ರದ ಅಂಕಿ ಎಷ್ಟೈತ್ರಿ?"

"ಸೊನ್ನಿ."

ಗುತ್ತೆವ್ವ ಸ್ವಲ್ಪ ಹೊತ್ತು ಯಂತ್ರದ ಕಡೆ ನೋಡಿದಳು. ಅದರ ಮೇಲೆ ಒಂದು ಕೆಂಪು ದೀಪ ಹತ್ತಿ ಆರಿ ಮಾಡುತ್ತಿತ್ತು. "ಕೋಣಿ ಬಾಳ ತಂಪೈತ್ರಿ," ಎಂದು ಹೇಳಿ ಹೊರಗೆ ನಡೆದಳು. ಬಾಗಿಲಲ್ಲಿ ಮಧ್ವೇಶ ನಿಂತಿದ್ದ. ಅವನು ದಾರಿ ಬಿಡಲಿ ಎಂದು ಅವಳು ನಿಂತಳು. ಅವನು ದಾರಿ ಬಿಟ್ಟ. ಆ ರಾತ್ರಿಯ ಊಟ ಅವನಿಗೆ ಸೇರಲಿಲ್ಲ.

ರವಿವಾರ ಅವನು ಬಸ್ಸು ಹಿಡಿದು ಅಬಲೂರಿಗೆ ಹೋದ. ಇದಕ್ಕೆ ಪ್ರವಾಸ ಭತ್ಯೆ ಸಿಗಲಿಲ್ಲ, ಏಕೆಂದರೆ ನಿರ್ಜನ ಸ್ಥಳಕ್ಕೆ ಹೋಗುವ ಕಾರಣವನ್ನು ನಮೂನೆಯಲ್ಲಿ ಬರೆಯಲು ಕಾಲಂ ಇರಲಿಲ್ಲ. ಹೊಸ ಓಣಿಯಲ್ಲಿ ಅವನು ನಲವತ್ತೊಂದು ಮನೆ ಎಣಿಸಿದ. ಎರಡುನೂರ ಹದಿನಾಲ್ಕು ಜನ ಎಣಿಸಿದ. ಎಣಿಸುವಾಗ ಹೆಣ್ಣುಮಕ್ಕಳು ಸಿಗುತ್ತಿರಲಿಲ್ಲ, ಒರತೆಗೆ ಹೋದವರು ಬರುವ ತನಕ ಕಾಯಬೇಕಾಯಿತು.

"ದಿನಕ್ಕ ಎಷ್ಟು ಸಲ ಹೋಗ್ತೀರಿ?" ಎಂದು ಗುತ್ತೆವ್ವನನ್ನು ಕೇಳಿದ.

"ಅರ್ಜಿಯಾಗ ಬರದೇವಲ್ರಿ. ಹನ್ನೊಂದು ಸಲ. ಸಣ್ಣ ಕೊಡ ಒಯ್ದರ ಹೆಚ್ಚಾಗತೈತಿ."

ಸೋಮವಾರದಿಂದ ಅವನು ತಪಾಸಣಾ ಸಾಧನವನ್ನೇ ತಪಾಸಣೆ ಮಾಡತೊಡಗಿದ. ಹಾನಗಲ್ಲಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನು ಅಚ್ಚು ಮಾಡಿದ ಉದ್ದನೆಯ ಕಾಗದವನ್ನು ವರಾಂಡದಲ್ಲಿ ಹಾಸಿಕೊಂಡು ಮೊಣಕಾಲೂರಿ ಓದುತ್ತಿದ್ದ. ಅದರ ತುಂಬ ಅಂಕಿಗಳ ಸಾಲು, ಒಂದೊಂದು ಸಾಲಿಗೂ ಪೆನ್ಸಿಲ್ಲಿನ ಗೆರೆ. ಕಚೇರಿಗೆ ಬಂದವರು ಕಾಗದ ತುಳಿಯದಂತೆ ದಾಟಿಕೊಂಡು ಹೋಗುತ್ತಿದ್ದರು. ಹತ್ತನೆಯ ದಿನ ಅವನಿಗೆ ತಪ್ಪು ಸಿಕ್ಕಿತು, ಒಂದಲ್ಲ, ಎರಡು. ಅವನು ಅದನ್ನು ಅನಂತರಾವ್ ಅವರ ಮುಂದೆ ನಿಂತು ವಿವರಿಸಿದ.

"ಪ್ರೋಗ್ರಾಂ ಕಡತದಾಗ ಮೂರು ಸೆಕ್ಷನ್ ಅವ ಸರ್. ಮೊದಲನೇದರಾಗ ಯಂತ್ರ ಏನೇನು ಮಾಡಬೇಕನ್ನೋ ಆಜ್ಞಾ. ಎರಡನೇದರಾಗ ಮೊದಲ ಬರದಿಟ್ಟ ಅಂಕಿ. ಮೂರನೇ ಸೆಕ್ಷನ್ನಿಗೆ ಬಿಎಸ್ಎಸ್ ಅಂತಾರ. ಅದರೊಳಗ ಏನೂ ಇಲ್ಲ. ಇಷ್ಟು ಜಾಗಾ ಬೇಕಂತ ಅಳತಿ ಅಷ್ಟ ಬರದಿರ್ತದ. ಪ್ರೋಗ್ರಾಂ ಓಡಲಿಕ್ಕೆ ಶುರು ಆದಮ್ಯಾಲೆ ಆ ಜಾಗಾದಾಗ ಅಂಕಿ ತುಂಬತಾವ."

"ಅಂದ್ರ ಸೆಕ್ಷನ್ ಮಂಜೂರಾಗ್ಯದ. ಹೆಸರದ, ಅಳತಿ ಅದ. ಒಳಗ ಯಾರೂ ಇಲ್ಲ."

"ಹೌದ್ರಿ."

"ಇದರಾಗ ತಿಳಿಸಿ ಹೇಳೂದೇನದ ಮಧ್ವೇಶ? ನಾ ಇಪ್ಪತ್ತಾರು ವರ್ಷ ಇಂಥಾ ಸೆಕ್ಷನ್ನಿನೊಳಗ ಕೆಲಸ ಮಾಡೇನಿ. ಮುಂದ ಹೇಳು."

"ಹೊಸ ಓಣಿ ಅಂಕಿ ತುಂಬಿದ್ದು ಆ ಸೆಕ್ಷನ್ನಿನ್ಯಾಗ. ಪ್ರೋಗ್ರಾಂ ಸತ್ತಾಗ ಆ ಅಂಕಿ ಕೋರ್ ಕಡತಕ್ಕ ಬಂದಾವ, ಇವತ್ತಿಗೂ ಅವ. ಆದ್ರ ತಪಾಸಣಾ ಸಾಧನ ಮೊದಲು ಪ್ರೋಗ್ರಾಂ ಕಡತ ನೋಡ್ತದ. ಅಲ್ಲೆ ಸೆಕ್ಷನ್ ಹೆಸರು ಕಾಣ್ತದ, ಒಳಗ ಏನೂ ಕಾಣೂದಿಲ್ಲ, ಸೊನ್ನಿ ಅಂತ ಹೇಳಿ ಮುಗಿಸ್ತದ. ಕೋರ್ ಕಡತ ತೆಗೆದು ನೋಡೂದ ಇಲ್ಲ. ಮನಿ ನಕ್ಷಾ ನೋಡಿ ಮನ್ಯಾಗ ಯಾರೂ ಇಲ್ಲ ಅಂದಂಗ ಆತಿದು ಸರ್. ಬಾಗಲಾ ತೆಗೀಲಿಲ್ಲ."

"ಮತ್ತ ಪ್ರೋಗ್ರಾಂ ಸತ್ತದ್ಯಾಕ?"

"ನೀರಿಗೆ ಹೋಗೋ ಸಲಕ್ಕ ಅದು ಸೊನ್ನಿಯಿಂದ ಒಂಬತ್ತರ ತನಕ ಮಾತ್ರ ಕೋಷ್ಟಕದಾಗ ಮನಿ ಹಾಕಿಟ್ಟದ. ಒಂಬತ್ತಕ್ಕಿಂತ ಹೆಚ್ಚು ಸಲ ಯಾರೂ ನೀರಿಗೆ ಹೋಗಲಿಕ್ಕಿಲ್ಲ ಅಂತ ಬರದವರು ತಿಳಕೊಂಡಿರಬೇಕು. ಇವರು ಹನ್ನೊಂದು ಸಲ ಹೋಗ್ತಾರ. ಹನ್ನೊಂದರ ಮನಿ ಹುಡುಕ್ಕೋತ ಹೋಗಿ ಸತ್ತದ."

ಅನಂತರಾವ್ ಅವರು ಕಿಟಕಿಯ ಹೊರಗೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ತಪ್ಪು ತಮ್ಮ ಕಚೇರಿಯದಲ್ಲ, ಮೇಲಿನ ಕಚೇರಿಯದು ಎಂದು ತಿಳಿದಾಗ ಅವರ ಮನಸ್ಸು ಹಗುರವೇ ಆಯಿತು. ಸಾಧನದಲ್ಲಿ ಒಂದು ಸಾಲು ತಿದ್ದಲು ಅನುಮತಿ ಕೋರಿ ಅವರು ಅಂದೇ ಪತ್ರ ಬರೆದರು. ಅದೇ ಲಕೋಟೆಯಲ್ಲಿ, ಒಳಗೆ ಏನೂ ಇಲ್ಲದ ಸೆಕ್ಷನ್ನು ಯಂತ್ರದಲ್ಲಿಯೇ ಇರುವುದರಿಂದ ಅದರ ಮೇಲ್ವಿಚಾರಣೆಗೆ ಕಚೇರಿಯಲ್ಲಿಯೂ ಅದೇ ಹೆಸರಿನ ಒಂದು ಸೆಕ್ಷನ್ ತೆರೆಯಬೇಕೆಂಬ ಪ್ರಸ್ತಾವವನ್ನೂ ಇಟ್ಟರು.

ಎರಡನೆಯ ಪ್ರಸ್ತಾವ ಹದಿನೇಳು ದಿನಗಳಲ್ಲಿ ಮಂಜೂರಾಯಿತು. ಬಿಎಸ್ಎಸ್ ಸೆಕ್ಷನ್ನಿಗೆ ಒಬ್ಬ ಸೆಕ್ಷನ್ ಅಧಿಕಾರಿ, ಇಬ್ಬರು ಗುಮಾಸ್ತರು ಮತ್ತು ಒಬ್ಬ ಜವಾನನ ಹುದ್ದೆಗಳು ಸೃಷ್ಟಿಯಾದವು. ಹುದ್ದೆಗಳನ್ನು ತುಂಬಬಾರದೆಂಬ ಷರತ್ತು ಇತ್ತು. ತುಂಬಿದರೆ ಸೆಕ್ಷನ್ನಿನ ಸ್ವರೂಪಕ್ಕೇ ಧಕ್ಕೆ ಬರುತ್ತದೆ ಎಂದು ಮೇಲಿನ ಕಚೇರಿ ಸರಿಯಾಗಿಯೇ ಗುರುತಿಸಿತ್ತು. ಉಸ್ಮಾನಸಾಬರು ಆ ನಾಲ್ಕು ಖಾಲಿ ಕುರ್ಚಿಗಳ ಹಾಜರಿ ಪುಸ್ತಕವನ್ನು ಪ್ರತಿದಿನ ಬರೆಯುತ್ತಿದ್ದರು. ಯಾರೂ ರಜೆ ಕೇಳದ ಕಾರಣ ವರ್ಷದ ಕೊನೆಗೆ ಆ ಸೆಕ್ಷನ್ನಿಗೆ ಶಿಸ್ತಿನ ಪ್ರಶಂಸಾಪತ್ರ ಬಂತು.

ಒಂದು ಸಾಲು ತಿದ್ದುವ ಮೊದಲನೆಯ ಕೋರಿಕೆಗೆ ಉತ್ತರ ಬರಲು ಐದು ತಿಂಗಳಾಯಿತು. ಉತ್ತರ ಹೀಗಿತ್ತು: "ತಪಾಸಣಾ ಸಾಧನದಲ್ಲಿ ದೋಷವಿದೆಯೆಂಬ ತಮ್ಮ ಪತ್ರವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಸಾಧನಗಳ ದೋಷವನ್ನು ಪತ್ತೆಹಚ್ಚಲು ಇಲಾಖೆಯಲ್ಲಿ ಲಭ್ಯವಿರುವ ಅಧಿಕೃತ ಸಾಧನ ಇದೊಂದೇ ಆಗಿರುವುದರಿಂದ, ಸದರಿ ಸಾಧನವನ್ನು ಅದೇ ಸಾಧನದಿಂದ ತಪಾಸಣೆ ಮಾಡಲಾಯಿತು. ಕಂಡುಬಂದ ದೋಷಗಳ ಸಂಖ್ಯೆ ೦."

ಮಧ್ವೇಶ ಈ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟ. ಆಮೇಲೆ ಯಾರಿಗೂ ಹೇಳದೆ ಸಾಧನದ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಒಂದು ಸಾಲು ಸೇರಿಸಿದ. ಸೆಕ್ಷನ್ನಿನ ಒಳಗೆ ಏನೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲದೆ ಕೋರ್ ಕಡತವನ್ನು ತೆರೆದು ನೋಡು ಎಂಬುದೇ ಆ ಸಾಲು. ಏಳು ವರ್ಷ ಕಾಯ್ದಿಡಬೇಕಾಗಿದ್ದ ಮೊದಲನೆಯ ಕೋರ್ ಕಡತವನ್ನು ಅದರ ಮುಂದಿಟ್ಟ. ಅಚ್ಚುಯಂತ್ರ ಕಿರುಗುಟ್ಟುತ್ತ ಬರೆಯಿತು: ಮನೆ ೪೧, ಜನ ೨೧೪, ನೀರಿಗೆ ಹೋಗುವ ಸಲ ೧೧.

ಅವನು ಆ ಕಾಗದವನ್ನು ಅಚ್ಚುಯಂತ್ರದಿಂದ ಹರಿದುಕೊಂಡು ಮೂರೂ ಅಂಕಿಗಳನ್ನು ಇನ್ನೊಮ್ಮೆ ಓದಿದ. ಸುಮಾರು ಆರು ತಿಂಗಳಿಂದ ಆ ಜನ ಅಲ್ಲಿಯೇ ಇದ್ದರು, ಡಿಸ್ಕಿನ ಒಂದು ಮೂಲೆಯಲ್ಲಿ, ಹನ್ನೊಂದನೆಯ ಸಲ ನೀರಿಗೆ ಹೊರಟ ಹಾಗೆಯೇ.

ಕಾಗದವನ್ನು ಟಿಪ್ಪಣಿಯೊಂದಿಗೆ ಮಂಡಿಸಬೇಕೆಂದು ಅವನು ಎದ್ದ ಹೊತ್ತಿಗೆ ಉಸ್ಮಾನಸಾಬರು ಅಂದಿನ ಟಪಾಲು ಒಡೆಯುತ್ತಿದ್ದರು. ಅದರಲ್ಲಿ ಒಂದು ಮಂಜೂರಾತಿ ಆದೇಶವಿತ್ತು. ಮನುಷ್ಯರಿಲ್ಲದ ಸ್ಥಳಗಳಲ್ಲಿ ಅಲೆಯುವ ಜಾನುವಾರುಗಳ ಹಿತದೃಷ್ಟಿಯಿಂದ, ನಿರ್ಜನವೆಂದು ದೃಢಪಟ್ಟ ಪ್ರತಿಯೊಂದು ಸ್ಥಳಕ್ಕೂ ಒಂದು ಬೋರ್‌ವೆಲ್ ಮತ್ತು ಒಂದು ತೊಟ್ಟಿ. ನಾಲ್ಕು ತಾಲ್ಲೂಕುಗಳಲ್ಲಿ ಹಾಗೆ ದೃಢಪಟ್ಟ ಸ್ಥಳ ಒಂದೇ ಇತ್ತು.

ಉಸ್ಮಾನಸಾಬರು ಆದೇಶವನ್ನೂ ನೋಡಿದರು, ಮಧ್ವೇಶನ ಕೈಯಲ್ಲಿದ್ದ ಕಾಗದವನ್ನೂ ನೋಡಿದರು.

"ಅದನ್ನ ಕೊಟ್ರ ಏನಾಗತೈತ್ರಿ?" ಎಂದು ಕೇಳಿದರು.

"ಓಣಿಯಾಗ ಜನ ಇದ್ದಾರಂತಾಗ್ತದ."

"ಜನ ಇದ್ದವರ ಪಟ್ಟಿಯೊಳಗ ಅವರ ಪಾಳಿ ಎಷ್ಟನೇದು?"

ಮಧ್ವೇಶ ಲೆಕ್ಕ ಹಾಕಿಸಿದ. ಹನ್ನೊಂದನ್ನು ಒಂಬತ್ತು ಎಂದು ಓದುವಂತೆ ಮಾಡಿದರೆ ಪ್ರೋಗ್ರಾಂ ಸಾಯುತ್ತಿರಲಿಲ್ಲ. ಹಾಗೆ ಮಾಡಿದಾಗ ಹೊಸ ಓಣಿಯ ಪಾಳಿ ನೂರ ಎಂಬತ್ತಾರು ಎಂದು ಬಂತು. ವರ್ಷಕ್ಕೆ ಹದಿನೈದು ಬೋರ್‌ವೆಲ್ ಕೊರೆಯುತ್ತಿದ್ದರು. ಸುಮಾರು ಎರಡು ಸಾವಿರನೆಯ ಇಸವಿಗೆ ಅವರಿಗೆ ನೀರು ಬರುತ್ತಿತ್ತು.

ಅವನು ಕಾಗದವನ್ನು ಅಂದು ಮಂಡಿಸಲಿಲ್ಲ. ಮರುದಿನವೂ ಮಂಡಿಸಲಿಲ್ಲ. ಮೂರನೆಯ ದಿನ ಗುತ್ತೆವ್ವ ಒಬ್ಬಳೇ ಬಂದಳು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಉಸ್ಮಾನಸಾಬರ ಹೆಂಡತಿ ಹುಸೇನಬಿಯ ತವರು ಅಬಲೂರಿನ ಪಕ್ಕದಲ್ಲೇ ಇತ್ತು ಎಂಬುದನ್ನು ಮಾತ್ರ ಇಲ್ಲಿ ನಮೂದಿಸಬಹುದು.

ಅವಳು ವರಾಂಡದಲ್ಲಿ ಕಂಬಕ್ಕೆ ಆತು ಕೂತಳು. ಮಧ್ವೇಶ ಕಾಗದವನ್ನು ಅವಳಿಗೆ ತೋರಿಸಿದ. "ನಿಮ್ಮ ಓಣಿ ಸಿಕ್ಕದವಾ. ನಲವತ್ತೊಂದು ಮನಿ, ಎರಡುನೂರಾ ಹದಿನಾಕು ಮಂದಿ. ಯಂತ್ರಾನ ಹೇಳೇದ."

ಅವಳು ಕಾಗದದ ಮೇಲೆ ಬೆರಳಿಟ್ಟಳು. "ಇದರಾಗ ನಾನೂ ಅದೇನೇನ್ರಿ?"

"ಅದೀರಿ."

"ಛಲೋ ಆತು," ಎಂದಳು. ಕಾಗದವನ್ನು ಅವನ ಕಡೆಗೆ ಸರಿಸಿ, "ಇದನ್ನ ಒಳಗ ಇಡ್ರಿ ಅಣ್ಣಾರ. ಸಾಹೇಬ್ರಿಗೆ ಕೊಡಬ್ಯಾಡ್ರಿ," ಎಂದಳು.

"ಖರೇ ಇದ್ದದ್ದು ಇದು. ಅದು ಸುಳ್ಳು."

"ಖರೇ ಅದೇವಿ ಅನ್ನೋದು ನಮಗ ಗೊತ್ತೈತ್ರಿ. ಅದನ್ನ ಹೇಳಿ ಹದಿಮೂರು ವರ್ಷ ನೀರು ಹೊರೂದಕ್ಕಿಂತ, ಇಲ್ಲ ಅನ್ನಿಸಿಕೊಂಡು ಮನಿ ಮುಂದ ತುಂಬಿಕೋತೇವಿ. ನನ್ನ ಮಗಳಿಗೆ ಈಗ ಏಳು ವರ್ಷ. ಕೊಡಾ ಹೊರಾಕ ಹತ್ಯಾಳ."

ತಪ್ಪು ಹುಡುಕುವುದು ಮಧ್ವೇಶನಿಗೆ ಬರುತ್ತಿತ್ತು, ಹುಡುಕಿದ್ದನ್ನು ಮರಳಿ ಇಡುವುದನ್ನು ಯಾರೂ ಕಲಿಸಿರಲಿಲ್ಲ. ಅವಳು ಎದ್ದು ನಿಂತಾಗ ಅವನೂ ಎದ್ದು ನಿಂತ. ಒಳಗೆ ಹೋಗಿ ತನ್ನ ಪ್ರತಿಯಲ್ಲಿ ಸೇರಿಸಿದ ಸಾಲನ್ನು ತೆಗೆದುಹಾಕಿದ. ಪ್ರತಿಯೂ ಮತ್ತೆ ಅಧಿಕೃತವಾಯಿತು. ಕಾಗದವನ್ನು ಅವನು ತನ್ನ ಪೆಟ್ಟಿಗೆಯಲ್ಲಿ ಅಂಗಿಗಳ ಕೆಳಗೆ ಇಟ್ಟುಕೊಂಡ.

ಬೋರ್‌ವೆಲ್ ಮೇ ತಿಂಗಳಲ್ಲಿ ಬಿತ್ತು. ನೂರ ತೊಂಬತ್ತು ಅಡಿಗೆ ನೀರು. ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ, ಅದರ ಮೇಲೆ "ಮನುಷ್ಯರ ಉಪಯೋಗಕ್ಕಲ್ಲ" ಎಂಬ ಬರಹ. ಓಣಿಯಲ್ಲಿ ಇದ್ದ ಜಾನುವಾರು ಭರಮಪ್ಪನ ಒಂದು ಎಮ್ಮೆ ಮತ್ತು ಅದರ ಕರು. ಅವು ಎಲ್ಲರೂ ತುಂಬಿಕೊಂಡ ಮೇಲೆ ತಮ್ಮ ಪಾಳಿಗೆ ಬಂದು ಕುಡಿಯುತ್ತಿದ್ದವು.

ಸುದ್ದಿ ನಿಲ್ಲಲಿಲ್ಲ. ಜೂನ್ ತಿಂಗಳಲ್ಲಿ ಹಿರೇಬೆಂಡಿಗೇರಿಯಿಂದ ಎಂಬತ್ತು ಜನ ಟ್ರ್ಯಾಕ್ಟರಿನಲ್ಲಿ ಬಂದು, ತಾವು ಯಾರೂ ಇಲ್ಲವೆಂದು ಘೋಷಿಸಬೇಕೆಂದು ಕಚೇರಿಯ ಮುಂದೆ ಧರಣಿ ಕೂತರು. ಅನಂತರಾವ್ ಅವರು ಸುತ್ತೋಲೆ ಹೊರಡಿಸಿದರು. ಅದರ ಪ್ರಕಾರ, ಶೂನ್ಯವಾಗಬಯಸುವ ಜನವಸತಿಗಳು ದಿನಕ್ಕೆ ಕನಿಷ್ಠ ಹತ್ತು ಸಲ ನೀರಿಗೆ ಹೋಗುತ್ತೇವೆಂದು ಬರೆದುಕೊಡತಕ್ಕದ್ದು. ಹಾಗೆ ಬರೆದುಕೊಟ್ಟರೆ ಪ್ರೋಗ್ರಾಂ ಸಾಯುವುದು, ಕೋರ್ ಕಡತ ಹುಟ್ಟುವುದು, ಸಾಧನವು ಸೊನ್ನೆಯನ್ನು ದೃಢೀಕರಿಸುವುದು. ಅರ್ಜಿಯ ಮೇಲೆ ಊರಿನ ಎಲ್ಲ ವಯಸ್ಕರ ಸಹಿ ಅಥವಾ ಹೆಬ್ಬೆಟ್ಟು ಇರತಕ್ಕದ್ದು. ಮೊದಲ ತಿಂಗಳಲ್ಲಿ ಇನ್ನೂರ ಆರು ಅರ್ಜಿ ಬಂದವು. ಬಿಎಸ್ಎಸ್ ಸೆಕ್ಷನ್ನಿನಲ್ಲಿ ಅವನ್ನು ಇಡಲು ಜಾಗವಿತ್ತು, ಏಕೆಂದರೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಮಧ್ವೇಶನಿಗೆ ಮನೆಯಿಂದ ಪತ್ರ ಬಂತು. ತಾಯಿ ಯಮುನಾಬಾಯಿಯವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಚಿರಂಜೀವಿ ಮಧ್ವೇಶನಿಗೆ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಓಣಿಯ ಹಿರಿಯರೆಲ್ಲ ಕೂಡಿ ನಾವು ಯಾರೂ ಇಲ್ಲವೆಂದು ಅರ್ಜಿ ಹಾಕಿದ್ದಾರೆ, ನಾನೂ ಸಹಿ ಮಾಡಿದ್ದೇನೆ. ನಿನ್ನ ಕಚೇರಿಯ ಕೆಲಸವೆಂದು ಕೇಳಿ ಸಂತೋಷವಾಯಿತು. ನಮ್ಮದನ್ನು ಸ್ವಲ್ಪ ಬೇಗ ನೋಡು. ವೇಳೆಗೆ ಸರಿಯಾಗಿ ಊಟ ಮಾಡುತ್ತಿರು."

ಅವನು ಬೇಗ ನೋಡಿದ. ಆ ತಿಂಗಳಿನಿಂದ ಅವನು ಊಟವನ್ನೂ ವೇಳೆಗೆ ಸರಿಯಾಗಿ ಮಾಡತೊಡಗಿದ. ಡಿಸೆಂಬರಿನಲ್ಲಿ ಅವನಿಗೆ ಬಡ್ತಿ ಸಿಕ್ಕಿತು. ತಪಾಸಣಾ ಸಾಧನದಲ್ಲಿ ಯಾರೂ ಏನನ್ನೂ ತಿದ್ದದಂತೆ ನೋಡಿಕೊಳ್ಳುವುದು ಅವನ ಹೊಸ ಹುದ್ದೆಯ ಕೆಲಸ.

೧೯೮೯ರ ಮಾರ್ಚಿ ವೇಳೆಗೆ ನಾಲ್ಕೂ ತಾಲ್ಲೂಕುಗಳಲ್ಲಿ, ಕಚೇರಿಯ ದಾಖಲೆಯಂತೆ, ನಾನೂರ ಹದಿನೇಳು ಜನವಸತಿಗಳು ನಿರ್ಜನವಾಗಿದ್ದವು. ಇಷ್ಟು ಜನ ಎಲ್ಲಿಗೆ ಹೋದರು ಎಂದು ಮೇಲಿನ ಕಚೇರಿಗೆ ಒಂದು ಸಂದೇಹ ಬಂದು, ಮೊದಲು ದೃಢಪಟ್ಟ ಸ್ಥಳವನ್ನು ಪರಿಶೀಲಿಸಲು ಮೂವರು ಸದಸ್ಯರ ಸಮಿತಿಯನ್ನು ಕಳಿಸಿತು. ಅನಂತರಾವ್ ಮತ್ತು ಮಧ್ವೇಶ ಅವರನ್ನು ಜೀಪಿನಲ್ಲಿ ಹೊಸ ಓಣಿಗೆ ಕರೆದೊಯ್ದರು.

ತೊಟ್ಟಿಯ ಸುತ್ತ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ಹುಡುಗರು ಮೈಮೇಲೆ ನೀರು ಸುರಿದುಕೊಂಡು ಓಡುತ್ತಿದ್ದರು. ಭರಮಪ್ಪ ಎಮ್ಮೆ ತೊಳೆಯುತ್ತಿದ್ದ. ಜೀಪು ನಿಂತ ಮೇಲೆ ಓಣಿಯವರೆಲ್ಲ ಬಂದು ಸುತ್ತ ನಿಂತರು. ಸಮಿತಿಯ ಅಧ್ಯಕ್ಷರು ನಮೂನೆ ತೆಗೆದು, ಇಷ್ಟು ಮುಖಗಳ ನಡುವೆ ಯಾರನ್ನು ಕೇಳಬೇಕೆಂದು ತಿಳಿಯದೆ, ಹತ್ತಿರ ನಿಂತಿದ್ದ ಗುತ್ತೆವ್ವನನ್ನು ಕೇಳಿದರು.

"ಈ ಸ್ಥಳದಲ್ಲಿ ಯಾರಾದರೂ ವಾಸವಾಗಿದ್ದಾರೆಯೇ?"

ಗುತ್ತೆವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ತಿರುಗಿ ಓಣಿಯನ್ನು ಒಮ್ಮೆ ನೋಡಿದಳು.

"ಯಾರೂ ಇಲ್ಲರಿ ಸಾಹೇಬ್ರ," ಎಂದಳು. "ಬಿಸಲಾಗ ಬಂದೀರಿ. ಒಳಗ ಬರ್ರಿ, ಕುಂದರ್ರಿ, ಚಾ ಮಾಡತೇನಿ."

ಸಮಿತಿಯವರು ಅವಳ ಮನೆಯ ಜಗುಲಿಯ ಮೇಲೆ ಚಾಪೆ ಹಾಸಿದಲ್ಲಿ ಕೂತರು. ಪರಿಶೀಲನಾ ವರದಿಗೆ ಸ್ಥಳೀಯ ಪಂಚರಿಬ್ಬರ ಸಹಿ ಬೇಕಾಗಿತ್ತು, ಗುತ್ತೆವ್ವ ಮತ್ತು ಭರಮಪ್ಪ ಹೆಬ್ಬೆಟ್ಟು ಒತ್ತಿದರು. "ಸ್ಥಳದಲ್ಲಿ ಯಾರೂ ಕಂಡುಬರಲಿಲ್ಲ" ಎಂದು ಅಧ್ಯಕ್ಷರು ಬರೆದರು. ಚಹಾ ಬಹಳ ಚೆನ್ನಾಗಿತ್ತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಅದನ್ನೂ ಒಂದು ಮಾತು ವರದಿಯಲ್ಲಿ ಸೇರಿಸಬಹುದೇ ಎಂದು ಕಿರಿಯ ಸದಸ್ಯರೊಬ್ಬರು ಕೇಳಿದರು. ಮಾಡಿದವರು ಯಾರೂ ಇಲ್ಲವಾದ್ದರಿಂದ ಹಾಗೆ ಸೇರಿಸಲು ಬರುವುದಿಲ್ಲ ಎಂದು ಮಧ್ವೇಶ ತಿಳಿಸಿದ, ಮತ್ತು ಅವರು ಅದನ್ನು ಒಪ್ಪಿಕೊಂಡರು.